ಮೂವತ್ತೇಳು ವೈರಸ್ಸು, ಒಂದು ಕುಂಟ ಆನೆ

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಮೂವತ್ತೇಳು ವೈರಸ್ಸುಗಳಿವೆ ಎಂದು ಗೊತ್ತಾದ ದಿನ ನನಗೆ ಮೊದಲು ಆದದ್ದು ಹೆದರಿಕೆಯಲ್ಲ, ಒಂದು ಬಗೆಯ ಹೆಮ್ಮೆ. ನಿವೃತ್ತನಾದ ಮೇಲೆ ನನ್ನ ಬಗ್ಗೆ ಯಾರೂ ಅಷ್ಟೊಂದು ಕಾಳಜಿ ತೋರಿಸಿರಲಿಲ್ಲ. ಪರದೆಯ ನಟ್ಟನಡುವೆ ಕೆಂಪು ಚೌಕಟ್ಟಿನ ಒಂದು ಕಿಟಕಿ ತೆರೆದುಕೊಂಡಿತ್ತು. ಎಡಗಡೆ ಗುರಾಣಿಯ ಚಿತ್ರ. ಬಲಗಡೆ, ನಿಮ್ಮ ಕಂಪ್ಯೂಟರು ಅಪಾಯದಲ್ಲಿದೆ, ಕೂಡಲೇ ಕ್ರಮ ಕೈಗೊಳ್ಳಿ ಎಂದು ಇಂಗ್ಲಿಷಿನಲ್ಲಿ ಒಕ್ಕಣೆ. ಕೆಳಗೆ ಒಂದು ಪಟ್ಟಿ ಸರಸರ ಓಡಿ ಮೂವತ್ತೇಳಕ್ಕೆ ಬಂದು ನಿಂತು, ಇವನ್ನು ತೆಗೆಯಲೇ ಎಂದು ಕೇಳಿತು. ಮಾತು ಸ್ವಲ್ಪ ಒರಟಾಗಿತ್ತು. ಆದರೆ ಕಳಕಳಿ ಪ್ರಾಮಾಣಿಕವಾಗಿದೆ ಎನಿಸಿತು.

ನಾನು ಧಾರವಾಡದ ಕಾಲೇಜೊಂದರಲ್ಲಿ ಮೂವತ್ತು ವರ್ಷ ತರ್ಕಶಾಸ್ತ್ರ ಕಲಿಸಿದವನು. ಬೆಟ್ಟದ ಮೇಲೆ ಹೊಗೆ ಕಂಡ ಕೂಡಲೇ ಬೆಂಕಿ ಬೆಂಕಿ ಎಂದು ಓಡಬೇಡಿ, ಅದು ಮಂಜೂ ಇರಬಹುದು, ಹತ್ತಿರ ಹೋಗಿ ನೋಡಿ ಎಂದು ವರ್ಷವರ್ಷವೂ ಹೊಸ ಹುಡುಗರಿಗೆ ಅದೇ ಕಟ್ಟೆಯ ಮೇಲೆ ನಿಂತು ಹೇಳಿದವನು. ಇಷ್ಟಿದ್ದೂ ಆ ಕೆಂಪು ಕಿಟಕಿ ಕಂಡಾಗ ಹತ್ತಿರ ಹೋಗಿ ನೋಡುವ ಬುದ್ಧಿ ನನಗೆ ಬರಲಿಲ್ಲ. ಹತ್ತಿರವೇ ಕೂತಿದ್ದೆ ಎನ್ನುವುದು ಬೇರೆ ಮಾತು.

ಅದು ಬಂದ ದಾರಿಯನ್ನೂ ಹೇಳಿಬಿಡುತ್ತೇನೆ. ನನಗೆ ಪತ್ರಿಕೆಗಳ ಸಂಪಾದಕರಿಗೆ ಪತ್ರ ಬರೆಯುವ ಚಟವಿದೆ. ಕೆಲಗೇರಿ ಕೆರೆಯ ದಂಡೆಯ ಕಸ, ನಮ್ಮ ಮನೆಯ ಮುಂದಿನ ರಸ್ತೆಯನ್ನು ಅಗೆದು ಮುಚ್ಚಿದ ವಾರದಲ್ಲೇ ಮತ್ತೆ ಅಗೆಯುವ ಪದ್ಧತಿ, ಬೆಳಗಾಗುವ ಮೊದಲೇ ಸ್ಪೀಕರು ಹಚ್ಚುವ ಭಕ್ತರು, ಹೀಗೆ ನನ್ನ ಸಿಟ್ಟಿಗೆ ವಿಷಯದ ಕೊರತೆಯಿಲ್ಲ. ಈ ಪತ್ರಗಳು ಅಚ್ಚಾಗದಿರುವುದಕ್ಕೆ ನನ್ನ ಕಂಪ್ಯೂಟರಿನ ಅಕ್ಷರ ಅಂದವಾಗಿಲ್ಲದಿರುವುದೇ ಕಾರಣ ಎಂದು ಒಂದು ದಿನ ಹೊಳೆಯಿತು. ಹುಡುಕಿದೆ. ನೂರು ಚೆಂದದ ಕನ್ನಡ ಫಾಂಟುಗಳು ಪುಕ್ಕಟೆ ಎಂದು ಕೂಗುತ್ತಿದ್ದ ಒಂದು ತಾಣ ಸಿಕ್ಕಿತು. ಇಳಿಸಿಕೊಳ್ಳುವಾಗ ಅದು ನಾಲ್ಕೈದು ಸಲ ಏನೇನೋ ಕೇಳಿತು. ಓದುವ ಗೋಜಿಗೆ ಹೋಗದೆ ಪ್ರತಿಸಲವೂ ಆಗಲಿ ಎಂದು ಒತ್ತಿದೆ. ನೂರರಲ್ಲಿ ಒಂದು ಫಾಂಟೂ ಬರಲಿಲ್ಲ. ಮೂರನೆಯ ದಿನ ಗುರಾಣಿ ಬಂತು.

ಕಂಪ್ಯೂಟರು ಹೆಸರಿಗೆ ನನ್ನದು, ಕೆಲಸಕ್ಕೆ ಹೆಂಡತಿಯದು. ಅವಳು ಕಸೂತಿಯವಳು. ಹಳೆಯ ಇಳಕಲ್ ಸೀರೆಗಳ ಸೆರಗಿನಲ್ಲಿ ಮುದುಕಿಯರು ಹಾಕಿದ ನಕ್ಷೆಗಳನ್ನು ಮನೆಮನೆಗೆ ಹೋಗಿ ನೋಡಿ, ಎಳೆ ಎಣಿಸಿ, ಚೌಕಳಿ ಕಾಗದದ ಮೇಲೆ ಇಳಿಸಿಕೊಳ್ಳುವುದು ಅವಳ ಇಪ್ಪತ್ತು ವರ್ಷದ ಕೆಲಸ. ಗೋಪುರ, ತೊಟ್ಟಿಲು, ತುಳಸಿಕಟ್ಟೆ, ಬಾಸಿಂಗ, ನವಿಲು. ಕಸೂತಿಗೆ ಬಟ್ಟೆಯ ಮೇಲೆ ಮೊದಲೇ ಗೆರೆ ಹಾಕಿಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಸೂಜಿ ಇಳಿಸಬೇಕು. ಹೀಗಾಗಿ ಅವಳು ಎಲ್ಲವನ್ನೂ ಎಣಿಸುತ್ತಾಳೆ, ಮೆಟ್ಟಿಲನ್ನು, ತೆಂಗಿನ ಗರಿಯನ್ನು, ನಾನು ಒಂದು ದಿನದಲ್ಲಿ ಎಷ್ಟು ಸಲ ಸಿಟ್ಟಾದೆ ಎನ್ನುವುದನ್ನು. ಅವಳಿಗೆ ಕಂಪ್ಯೂಟರಿನ ಎಕ್ಸೆಲ್ ಹಾಳೆ ತೋರಿಸಿಕೊಟ್ಟವನು ನಾನು. ಅಲ್ಲಿ ಸಾವಿರಾರು ಪುಟ್ಟ ಚೌಕಗಳಿರುತ್ತವೆ, ಅವಳ ಬಾಯಲ್ಲಿ ಅವು ಮನೆಗಳು. ಅಂಕಿ ಬರೆಯುವ ಬದಲು ಬಣ್ಣ ತುಂಬಿದರೆ ಕಸೂತಿಯ ನಕ್ಷೆಯಾಗುತ್ತದೆ. ನಾಲ್ಕು ವರ್ಷ ಕೂತು ನಾಲ್ಕುನೂರಾ ಹನ್ನೆರಡು ನಕ್ಷೆಗಳನ್ನು ಅವಳು ಹಾಗೆ ತುಂಬಿದಳು.

ಅವುಗಳಲ್ಲೊಂದು ಕುಂಟ ಆನೆ. ಶಿರಗುಪ್ಪಿಯಲ್ಲಿದ್ದ ಅವಳ ಸೋದರತ್ತೆ ಎಂಟು ವರ್ಷದ ಹುಡುಗಿಯಾಗಿದ್ದಾಗ ಹಾಕಿದ ಮೊದಲ ಆನೆ ಅದು. ಎಣಿಕೆ ತಪ್ಪಿ ಹಿಂದಿನ ಒಂದು ಕಾಲು ಎರಡು ಮನೆ ಗಿಡ್ಡವಾಯಿತಂತೆ. ಹಿರಿಯರು ಬೈದರೂ ಹೊಲಿಗೆ ಬಿಚ್ಚಲಿಲ್ಲ. ಮುಂದೆ ಆಯುಷ್ಯವೆಲ್ಲ ಅದೇ ಆನೆಯನ್ನು ಬೇಕೆಂದೇ ಕುಂಟಾಗಿಯೇ ಹಾಕಿದರು. ತಾಯಿಯಿಲ್ಲದ ನನ್ನ ಹೆಂಡತಿಯನ್ನು ಬೆಳೆಸಿದವರು ಅವರು, ಅವಳ ಕೈಗೆ ಸೂಜಿ ಕೊಟ್ಟವರೂ ಅವರೇ. ಅವರ ಹಳೆಯ ಸೀರೆಗಳೆಲ್ಲ ಎಂದೋ ಕೌದಿಗಳಾಗಿ ಸವೆದು ಹೋಗಿದ್ದವು. ಉಳಿದ ಒಂದನ್ನು ತೀರಿಕೊಂಡಾಗ ಉಡಿಸಿಯೇ ಮಣ್ಣು ಮಾಡಿದರು. ಅದಕ್ಕೆ ಒಂದು ವಾರ ಮೊದಲು ಇವಳು ಹಾಸಿಗೆಯ ಪಕ್ಕ ಕೂತು, ಅಂಬಾರಿಯಿಂದ ಬಾಲದವರೆಗೆ ಎಳೆ ಎಳೆ ಎಣಿಸಿ, ಆ ಆನೆಯನ್ನು ಕಾಗದಕ್ಕೆ ಇಳಿಸಿಕೊಂಡು ಬಂದಿದ್ದಳು. ಸಾವಿರಕ್ಕೂ ಹೆಚ್ಚು ಮನೆಗಳ ದೊಡ್ಡ ನಕ್ಷೆ. ಯಾರಿಗೂ ಬಾಯಿಪಾಠ ಉಳಿಯುವಂಥದ್ದಲ್ಲ.

ಇನ್ನು ನಾನು ಮಾಡಿದ ಘನಕಾರ್ಯ ಹೇಳಬೇಕು. ಎಲ್ಲ ನಕ್ಷೆಗಳೂ ಕಂಪ್ಯೂಟರಿಗೆ ಏರಿದ ವರ್ಷ ಮನೆಗೆ ಸುಣ್ಣಬಣ್ಣ ಮಾಡಿಸಿದೆವು. ಆಗ ಅವಳು ಯಾವುದೋ ಮದುವೆಗೆಂದು ಊರಿಗೆ ಹೋಗಿದ್ದಳು. ಅಟ್ಟದ ಮೇಲಿನ ಟ್ರಂಕು ತೆಗೆದು ನೋಡಿದರೆ ಚೌಕಳಿ ಕಾಗದದ ಕಟ್ಟುಗಳು. ಮೇಲಿನ ಎರಡು ಹಾಳೆಯ ಅಂಚಿಗೆ ಗೆದ್ದಲು ಹತ್ತಿತ್ತು. ಒಳಗಿನವು ನೆಟ್ಟಗೇ ಇದ್ದವು ಎಂದು ಈಗ ಒಪ್ಪುತ್ತೇನೆ. ಎಲ್ಲ ಕಂಪ್ಯೂಟರಿನಲ್ಲಿದೆಯಲ್ಲ, ಇನ್ನು ಈ ಕಸ ಏಕೆ ಎಂದು ಬೀದಿಯಲ್ಲಿ ಕೂಗುತ್ತ ಹೊರಟಿದ್ದ ರದ್ದಿಯವನನ್ನು ಕರೆದು ತೂಕಕ್ಕೆ ಹಾಕಿಬಿಟ್ಟೆ. ಖಾಲಿಯಾದ ಟ್ರಂಕಿನಲ್ಲಿ ನನ್ನ ಮೂವತ್ತು ವರ್ಷದ ಪಾಠದ ಟಿಪ್ಪಣಿಗಳನ್ನು ತುಂಬಿದೆ. ಅವನ್ನು ರದ್ದಿಗೆ ಹಾಕಲು ಮನಸ್ಸಾಗಲಿಲ್ಲ. ಅವಳು ಬಂದ ಮೇಲೆ ಹೇಳೋಣ ಎಂದುಕೊಂಡೆ. ಬಂದಳು. ಸುಸ್ತಾಗಿ ಬಂದಿದ್ದಾಳೆ, ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆಗೆ ಈಗ ಮೂರು ವರ್ಷ.

ಕೆಂಪು ಕಿಟಕಿ ಬಂದ ದಿನ ಮಧ್ಯಾಹ್ನ ಊಟ ಮುಗಿಸಿ ಅವಳು ಕನ್ನಡಕ ಏರಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತಳು. ನಕ್ಷೆಗಳಿದ್ದ ಫೋಲ್ಡರು ತೆಗೆದು ಒಂದರ ಮೇಲೆ ಒತ್ತಿದಳು. ನಕ್ಷೆ ಬರಲಿಲ್ಲ, ಗುರಾಣಿ ಬಂತು. ಈ ಫೈಲಿಗೆ ಸೋಂಕು ತಗುಲಿದೆ, ಪೂರ್ಣ ರಕ್ಷಣೆ ಕೊಂಡವರಿಗೆ ಮಾತ್ರ ತೆರೆಯಲಾಗುವುದು ಎಂದಿತು. ಇನ್ನೊಂದನ್ನು ಒತ್ತಿದಳು. ಮತ್ತೆ ಅದೇ.

“ಏನ್ರಿ, ಸ್ವಲ್ಪ ಇಲ್ಲಿ ಬರ್ರಿ. ಇದೇನ ಬಂದು ಕುಂತೈತಿ?”

“ಅದು ರಕ್ಷಣಾ,” ಎಂದೆ, ನಾನೇ ಕರೆಸಿದವನ ಧಾಟಿಯಲ್ಲಿ. “ವೈರಸ್ ಹೊಕ್ಕಾವ. ಅದು ಹಿಡದು ನಿಲ್ಲಿಸೈತಿ.”

“ನನ್ನ ಆನಿಗೂ ಹತ್ತ್ಯಾವೇನು?”

“ಹತ್ತಿರಬೇಕು. ಮೂವತ್ತೇಳ ಅದಾವಂತ.”

ಅವಳು ನಕ್ಕಳು. “ಹೋಗ್ಲಿ ಬಿಡ್ರಿ. ಇದು ಹೋದ್ರೂ ಕಾಗದ ಅದಾವಲ್ಲ ಟ್ರಂಕಿನ್ಯಾಗ. ಮತ್ತೊಮ್ಮೆ ಕುಂತು ತುಂಬಿದ್ರಾತು.” ಹೀಗೆಂದು ಚಹ ಮಾಡಲು ಎದ್ದು ಹೋದಳು.

ಮೂವತ್ತೇಳು ವೈರಸ್ಸು ಒಟ್ಟಾಗಿ ಹುಟ್ಟಿಸಲಾರದ ಹೆದರಿಕೆಯನ್ನು ಆ ಒಂದು ಮಾತು ಹುಟ್ಟಿಸಿತು. ಹೇಗಾದರೂ ಮಾಡಿ ಆ ಫೋಲ್ಡರು ಉಳಿಸಿಕೊಳ್ಳಬೇಕು, ಅದೂ ಅವಳು ಅಟ್ಟದ ಕಡೆ ನೋಡುವ ಮೊದಲು. ಕಿಟಕಿಯ ಕೆಳಗೆ ಸಹಾಯವಾಣಿಯ ನಂಬರು ಕೊಟ್ಟಿದ್ದರು. ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದರು. ನಮ್ಮ ಊರಿನ ಯಾವ ಕಚೇರಿಯಲ್ಲೂ ಹಾಗೆ ಎತ್ತುವುದಿಲ್ಲ, ಸಂಶಯಪಡಲು ಅಷ್ಟೇ ಸಾಕಿತ್ತು.

ಆ ಕಡೆಯವನು ಬಹಳ ಮೃದುವಾದ ಹಿಂದಿಯಲ್ಲಿ ಮಾತಾಡಿದ. ನನ್ನ ಹಿಂದಿ ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಕಲಿತದ್ದು. ಆದರೂ ಮರ್ಯಾದೆ ಬಿಡಬಾರದೆಂದು, ಊಟ ಆಯಿತೇ ಎಂದು ಕೇಳಿದೆ. ಆತ ಒಂದು ಕ್ಷಣ ತಬ್ಬಿಬ್ಬಾದ. ಅವನನ್ನು ಆ ಪ್ರಶ್ನೆ ಬಹುಶಃ ಯಾರೂ ಕೇಳಿರಲಿಲ್ಲ. ಆಮೇಲೆ ಒಂದು ಸಣ್ಣ ಪ್ರೋಗ್ರಾಮು ಇಳಿಸಲು ಹೇಳಿದ, ಇಳಿಸಿದೆ. ಅದು ತೋರಿಸಿದ ಅಂಕಿಗಳನ್ನು ಓದಲು ಹೇಳಿದ, ಓದಿದೆ. ಪರದೆಯ ಮೇಲಿನ ಬಾಣ ತನ್ನಷ್ಟಕ್ಕೆ ತಾನೇ ಓಡಾಡತೊಡಗಿತು. ಇಷ್ಟು ದೂರದಿಂದ ಎಂಥ ಸೇವೆ ಎಂದು ನಾನು ಬೆರಗಾದೆ.

ಹತ್ತು ನಿಮಿಷದ ನಂತರ ಆತ ಬ್ಯಾಂಕಿನ ಕಾರ್ಡು ತೆಗೆದು ಅದರ ಹಿಂದಿನ ಅಂಕಿ ಹೇಳಲು ಕೇಳಿದಾಗ ನನಗೂ ಮೂಗಿಗೆ ಏನೋ ವಾಸನೆ ಬಡಿಯಿತು. ಆಗಲೇ ಫೋನು ಇಟ್ಟುಬಿಡಬಹುದಿತ್ತು. ಆದರೆ ನಮ್ಮ ಕಡೆ ಫೋನು ಇಡುವುದಕ್ಕೊಂದು ರೀತಿ ಇದೆ. ಮಾತು ಮುಗಿದ ಮೇಲೆ ‘ಇಡ್ಲೇನ್ರಿ?’ ಎಂದು ಕೇಳಬೇಕು. ಆ ಕಡೆಯವರು ‘ಇಡ್ರಿ’ ಅನ್ನಬೇಕು. ಅಷ್ಟರಲ್ಲಿ ಇಬ್ಬರಲ್ಲೊಬ್ಬರಿಗೆ ಇನ್ನೊಂದು ಮಾತು ನೆನಪಾಗಬೇಕು, ಅದೂ ಮುಗಿದು, ಮತ್ತೊಮ್ಮೆ ಕೇಳಿ, ಮತ್ತೊಮ್ಮೆ ಅನ್ನಿಸಿಕೊಂಡು ಇಡಬೇಕು. ಅರವತ್ತು ದಾಟಿದ ನಾನು ಇಂದಿನವರೆಗೆ ಯಾರ ಫೋನನ್ನೂ ಕೇಳದೆ ಇಟ್ಟವನಲ್ಲ. ಹಾಗಾಗಿ ನನ್ನ ಹಿಂದಿಯಲ್ಲಿ, ಇಡಲೇನ್ರಿ ಎಂದು ಕೇಳಿದೆ. ಬೇಡ ಸರ್, ಇಡಬೇಡಿ ಎಂದ. ಐದು ನಿಮಿಷ ಬಿಟ್ಟು ಮತ್ತೆ ಕೇಳಿದೆ. ಇಟ್ಟರೆ ಎಲ್ಲ ಫೈಲು ಅಳಿಸಿಹೋಗುತ್ತವೆ ಎಂದ. ನಾನು ಕಾರ್ಡು ಹುಡುಕುವ ನೆಪದಲ್ಲಿ ಕಪಾಟಿನ ಮುಂದೆ ನಿಂತು ಬೆವರುತ್ತಿದ್ದೆ. ಇಡುವಂತಿಲ್ಲ, ಕೊಡುವಂತಿಲ್ಲ.

ಹೆಂಡತಿ ಚಹದ ಕಪ್ಪು ಹಿಡಿದು ಬಂದು ಪರದೆ ನೋಡಿದಳು, ಆಮೇಲೆ ಕಪಾಟಿನ ಮುಂದಿದ್ದ ನನ್ನನ್ನು ನೋಡಿದಳು.

“ನೀವು ಅಲ್ಲಿದ್ದೀರಿ. ಇಲ್ಲಿ ನನ್ನ ಫೋಲ್ಡರಿನ್ಯಾಗ ಯಾರ್ರಿ ಕೈ ಹಾಕ್ಯಾರ?”

“ಈ ಫೋನಿನ್ಯಾಂವ. ರಿಪೇರಿ ಮಾಡಾಕತ್ತಾನ.”

“ಇಡ್ರಿ ಫೋನ್.”

ಅಂತೂ ಯಾರೋ ಒಬ್ಬರು ಇಡ್ರಿ ಅಂದರು. ಇಟ್ಟೆ.

ಅವಳು ಕಂಪ್ಯೂಟರಿನ ಹಿಂದೆ ಕೈ ಹಾಕಿ ನೆಟ್ಟಿನ ವೈರು ಕಿತ್ತಳು. ಬಾಣ ಅಲ್ಲೇ ನಿಂತಿತು. ಕೆಂಪು ಕಿಟಕಿ ಮಾತ್ರ ಏನೂ ಆಗದಂತೆ ತನ್ನ ತಪಾಸಣೆ ಮತ್ತೆ ಶುರುಮಾಡಿತು. ಅವಳು ಕುರ್ಚಿ ಎಳೆದುಕೊಂಡು ಅದನ್ನೇ ನೋಡುತ್ತ ಕೂತಳು. ಯಾರಾದರೂ ಕಸೂತಿ ಬಟ್ಟೆ ಕೈಗೆ ಕೊಟ್ಟರೆ ಅವಳು ಮುಂದಿನ ಚೆಂದ ನೋಡುವುದಿಲ್ಲ, ಮೊದಲು ತಿರುವಿ ಹಾಕಿ ಹಿಂದಿನ ಮಗ್ಗುಲು ನೋಡುತ್ತಾಳೆ. ಅಲ್ಲಿ ಗಂಟು ಕಂಡರೆ ಸುಮ್ಮನೆ ಮಡಿಸಿ ವಾಪಸು ಕೊಡುತ್ತಾಳೆ. ಆ ಮಧ್ಯಾಹ್ನ ಅವಳ ಮುಖ ಹಾಗಿತ್ತು.

“ನನ್ನ ನಾಲ್ಕನೂರಾ ಹನ್ನೆರಡು ನಕ್ಷಿ ಒಂದೊಂದ ತಗದು ನೋಡಾಕ ನನಗ ಒಂದ ದಿನಾ ಬೇಕು,” ಎಂದಳು. “ಇದು ಸೂಜಿಗೆ ದಾರಾ ಪೋಣಸೂದ್ರಾಗ ಇಡೀ ಮಷೀನ್ ನೋಡಿ ಮುಗಿಸ್ತು.”

“ಕಂಪ್ಯೂಟರ್ ಲಗೂ ನೋಡತೈತಿ,” ಎಂದೆ.

ಅವಳು ಪಟ್ಟಿಯಲ್ಲಿದ್ದ ಮೂವತ್ತೇಳು ಹೆಸರುಗಳನ್ನೂ ಹಾಲಿನ ಚೀಟಿಯ ಹಿಂದೆ ಬರೆದುಕೊಂಡಳು. ಆಮೇಲೆ ಕಪಾಟಿನಿಂದ ಇನ್ನೂ ಪ್ಲಾಸ್ಟಿಕ್ಕಿನೊಳಗೇ ಇದ್ದ ಹೊಸ ಪೆನ್‌ಡ್ರೈವು ತಂದು ಹಚ್ಚಿ, ಅದನ್ನಷ್ಟೇ ತಪಾಸಣೆ ಮಾಡು ಎಂದು ಒತ್ತಿದಳು. ಅದರೊಳಗೆ ಒಂದು ಅಕ್ಷರವೂ ಇರಲಿಲ್ಲ. ಪಟ್ಟಿ ಸರಸರ ಓಡಿ ಮೂವತ್ತೇಳಕ್ಕೆ ನಿಂತಿತು. ಅವಳು ಚೀಟಿಯ ಜೊತೆ ತಾಳೆ ನೋಡಿದಳು. ಅವೇ ಹೆಸರು, ಅದೇ ಸರದಿ.

“ಖಾಲಿ ಡಬ್ಬ್ಯಾಗೂ ಮೂವತ್ತೇಳ ಅಂತೈತಿ ನೋಡ್ರಿ. ಇದು ಡಾಕ್ಟರಲ್ಲ. ಇದ ಬ್ಯಾನಿ.”

ಮೂವತ್ತು ವರ್ಷ ನಾನು ಕಲಿಸಿದ್ದು ಇದನ್ನೇ. ಬೆಂಕಿಯಿಲ್ಲದ ಜಾಗದಲ್ಲೂ ಹೊಗೆ ಕಾಣಿಸಿದರೆ ಅದನ್ನು ಹೊಗೆಯೆಂದು ನಂಬಬೇಡಿ ಎಂದು ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಕೊಡುತ್ತಿದ್ದೆ. ತರ್ಕಶಾಸ್ತ್ರದ ಪುಸ್ತಕವನ್ನು ಧೂಳು ಒರೆಸಲು ಮಾತ್ರ ಮುಟ್ಟಿದ ಇವಳು ಅದಕ್ಕೆ ಹಾಲಿನ ಚೀಟಿಯ ಹಿಂದೆ ಉತ್ತರ ಬರೆದಿದ್ದಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಚಹ ಆರಿದೆ ಎಂದು ಗೊಣಗಿದೆ.

ಮರುದಿನ ಸಿಪಿಯು ಡಬ್ಬವನ್ನು ಹಳೆಯ ಚಾದರದಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆವು. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ನಮಗೆ ಗೊತ್ತಿದ್ದ ಸಾಹೇಬರಿದ್ದಾರೆ. ನಮ್ಮ ಟೇಪ್‌ರೆಕಾರ್ಡರು, ಆಮೇಲೆ ಟೀವಿ, ಆಮೇಲೆ ಕಂಪ್ಯೂಟರು, ಎಲ್ಲಕ್ಕೂ ಅವರದೇ ಕೈ. ಅಂಗಡಿ ಎಂದರೆ ಒಂದು ಮೇಜು, ಒಂದು ಬೆಂಚು, ಗೋಡೆಗೆ ಜೋತುಬಿದ್ದ ನೂರು ವೈರು. ಸಾಹೇಬರು ಡಬ್ಬ ಬಿಚ್ಚಿ ತಮ್ಮ ಪರದೆಗೆ ಹಚ್ಚಿದರು. ಗುರಾಣಿ ಅಲ್ಲಿಯೂ ಮುಖ ತೋರಿಸಿತು. ಅವರು ಹಳೆಯ ಗಿರಾಕಿಯನ್ನು ಕಂಡಂತೆ ತಲೆಯಾಡಿಸಿದರು.

“ಸರ್, ಇದು ಕಳ್ಳ ವಾಚಮನ್ನರಿ. ತಾನ ನಿಮ್ಮ ಮನಿಗೆ ಹೊರಗಿಂದ ಚಿಲಕಾ ಹಾಕ್ತಾನ. ಒಳಗ ಕಳ್ಳರದಾರ, ರೊಕ್ಕಾ ಕೊಟ್ರ ಬಾಗಲಾ ತಗೀತೇನಿ ಅಂತ ಒದರತಾನ. ಇದರ ಜೋಡಿ ಏನರೆ ಪುಕ್ಕಟೆ ಇಳಿಸಿದ್ರೇನು?”

“ನೆನಪಿಲ್ಲ,” ಎಂದೆ. ಆಗ ಹೆಂಡತಿ ನನ್ನನ್ನು ನೋಡಿದ ರೀತಿಗೆ, “ಫಾಂಟ್,” ಎಂದು ಸೇರಿಸಿದೆ.

ಸಾಹೇಬರು ಡಬ್ಬಕ್ಕೆ ಕಿವಿ ಹಚ್ಚಿದರು. ಒಳಗೆ ಟಕ್ ಟಕ್ ಎಂದು ಸಣ್ಣ ಸದ್ದು. “ಡಿಸ್ಕ್ ಹಳೇದಾಗೈತ್ರಿ ಅಕ್ಕಾರ. ಒಂದೊಂದ ಫೈಲ್ ಕಾಪಿ ಮಾಡಿಟ್ಟು, ಆಮ್ಯಾಲೆ ಇವನ್ನ ಹುಡುಕಿ ಹೊರಗ ಹಾಕಬೇಕಂದ್ರ ಇಡೀ ದಿನಾ ಹೊಕ್ಕೈತಿ. ಫಾರ್ಮ್ಯಾಟ್ ಹೊಡದ್ರ ತಾಸಿನ್ಯಾಗ ಮುಗೀತು. ಒಳಗಿಂದೆಲ್ಲಾ ಅಳಿಸಿ ಹೊಸಾದ ಹಾಕೂದು. ನಿಮಗ ಬೇಕಾದ್ದು ಬ್ಯಾರೆ ಕಡೆ ಅದಾವೇನ್ರಿ?”

“ಅದಾವ್ರಿ ಸಾಹೇಬ್ರ,” ಎಂದಳು ಹೆಂಡತಿ. “ಎಲ್ಲಾ ಕಾಗದದ ಮ್ಯಾಲೆ ಅದಾವ. ನೀವು ಅಳಿಸ್ರಿ. ಇವ್ರಿಗೆ ನಿನ್ನಿಯಿಂದ ಊಟಾ ಸೇರವಲ್ದು, ಲಗೂ ಮುಗೀಲಿ.”

ಅವಳು ಅದನ್ನು ನನ್ನ ಸಲುವಾಗಿ ಹೇಳಿದಳು. ಸಾಹೇಬರು ತಮ್ಮ ಪೆನ್‌ಡ್ರೈವು ಹಚ್ಚಿ ನಾಲ್ಕಾರು ಗುಂಡಿ ಒತ್ತಿದರು. ನೀಲಿ ಪರದೆ ಬಂದು, ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಕೇಳಿತು. ಅವರ ಬೆರಳು ಗುಂಡಿಯ ಮೇಲೆ ಹೋಯಿತು.

ಆ ಅರೆಗಳಿಗೆಯಲ್ಲಿ ನಾನು ಏನೇನು ಯೋಚಿಸಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಸುಮ್ಮನಿದ್ದುಬಿಡಬಹುದು. ಮನೆಗೆ ಹೋದ ಮೇಲೆ ಅವಳಿಗಿಂತ ಮೊದಲು ನಾನೇ ಅಟ್ಟ ಹತ್ತಿ, ಅಯ್ಯೋ, ಗೆದ್ದಲು ತಿಂದು ಹಾಕಿವೆ ಎನ್ನಬಹುದು. ಗೆದ್ದಲು ಹತ್ತಿದ್ದು ಖರೆಯೇ ಅಲ್ಲವೇ? ಎಲ್ಲ ಚೊಕ್ಕವಾಗಿ ಹೊಂದಿಕೊಳ್ಳುತ್ತಿತ್ತು. ತರ್ಕದಲ್ಲಿ ಒಂದು ಬಿರುಕೂ ಇರಲಿಲ್ಲ. ಆದರೆ ಅವಳು ಬೆಂಚಿನ ಮೇಲೆ ಚಾದರ ಮಡಿಸುತ್ತ ನಿಶ್ಚಿಂತಳಾಗಿ ಕೂತಿದ್ದಳು. ಆ ನಿಶ್ಚಿಂತೆಯನ್ನು ನೋಡಲಾಗಲಿಲ್ಲ.

“ಬ್ಯಾಡ್ರಿ!” ಎಂದೆ. ಓಣಿಯಲ್ಲಿ ಹೋಗುತ್ತಿದ್ದವರೂ ತಿರುಗಿ ನೋಡಿದರು. “ಅಳಿಸಬ್ಯಾಡ್ರಿ. ಕಾಗದ ಇಲ್ಲ.”

“ಇಲ್ಲಂದ್ರ? ಟ್ರಂಕಿನ್ಯಾಗ ಅದಾವಲ್ರಿ,” ಎಂದಳು.

“ಟ್ರಂಕಿನ್ಯಾಗ ನನ್ನ ನೋಟ್ಸ್ ಅದಾವ. ಕಾಗದ ರದ್ದಿಗಿ ಹಾಕೇನಿ.”

“ಯಾವಾಗ?”

“ಸುಣ್ಣಾ ಹಚ್ಚಿದ ವರ್ಷ.”

“ಆನಿದೂ?”

“ಎಲ್ಲಾ.”

ಸಾಹೇಬರು ಗುಂಡಿಯ ಮೇಲಿನ ಬೆರಳು ತೆಗೆದು, ಪಕ್ಕದಲ್ಲಿದ್ದ ಯಾವುದೋ ಸತ್ತ ರೇಡಿಯೋವನ್ನು ಬಹಳ ಆಸ್ಥೆಯಿಂದ ಬಿಚ್ಚತೊಡಗಿದರು. ಹೆಂಡತಿ ಮಡಿಸಿದ ಚಾದರವನ್ನು ಬಿಚ್ಚಿ ಮತ್ತೆ ಮಡಿಸಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆ.

“ಆ ಕೆಂಪ ಕಿಟಕಿ ಸುಳ್ಳ ಇದ್ರೂ ಇರ್ಲಿ,” ಎಂದಳು ಕೊನೆಗೆ, ನನ್ನ ಕಡೆ ನೋಡದೆ. “ಏನ ಮಾಡೂದಿದ್ರೂ ಅದು ಮೊದಲ ಮಾಡ್ಲೇನು ಅಂತ ಕೇಳತಿತ್ತು. ನೀವು ಅಷ್ಟೂ ಕೇಳಲಿಲ್ಲ.”

ನನಗೆ ಅಳು ಬಂತು. ಅಂಗಡಿಯಲ್ಲಿ ಅಳುವ ವಯಸ್ಸಲ್ಲ ಎಂದು ಕನ್ನಡಕ ಒರೆಸಿಕೊಂಡೆ.

ಸಾಹೇಬರು ರೇಡಿಯೋ ಬದಿಗಿಟ್ಟು, ಯಾರೂ ಕೇಳದೆಯೇ, ಡಬ್ಬದಿಂದ ಡಿಸ್ಕು ತೆಗೆದು ತಮ್ಮ ಕಂಪ್ಯೂಟರಿಗೆ ಹಚ್ಚಿದರು. “ಮೊದಲ ಸಾಮಾನ ಹೊರಗ ತಗಿಯೋಣ್ರಿ ಅಕ್ಕಾರ. ಕಳ್ಳನ್ನ ಆಮ್ಯಾಲೆ ನೋಡ್ಕೊಂಡ್ರಾತು,” ಎಂದರು. ಫೈಲುಗಳು ಒಂದೊಂದಾಗಿ ದಾಟತೊಡಗಿದವು. ಹೆಂಡತಿ ಬೆಂಚು ಬಿಟ್ಟು ಪರದೆಯ ಹತ್ತಿರ ಬಂದು ನಿಂತು ಎಣಿಸಿದಳು, ತುಟಿ ಅಲುಗುತ್ತಿದ್ದವು. ನೂರು, ನೂರೈವತ್ತು. ಡಿಸ್ಕು ನಡುನಡುವೆ ಟಕ್ ಎಂದು ನಿಲ್ಲುತ್ತಿತ್ತು. ಚಹ ಬಂತು, ಯಾರೂ ಕುಡಿಯಲಿಲ್ಲ. ಮಧ್ಯಾಹ್ನದ ನಮಾಜಿಗೆ ಸಾಹೇಬರು ಹೋಗಿ ಬಂದರು. ಬಂದಾಗಲೂ ನಾವು ಹಾಗೇ ನಿಂತಿದ್ದೆವು, ಅವಳು ಪರದೆಯ ಮುಂದೆ, ನಾನು ಅವಳ ಹಿಂದೆ, ನಡುವೆ ಒಬ್ಬರು ಕೂರುವಷ್ಟು ಜಾಗ.

ಮೂರು ಫೈಲು ಬರಲಿಲ್ಲ. ಅವುಗಳಲ್ಲೊಂದು ಆನೆ. ಉಳಿದೆರಡು ಇದೇ ಊರಿನವರ ಸೀರೆಗಳು, ಮತ್ತೆ ಹೋಗಿ ಎಣಿಸಬಹುದು. ಸಾಹೇಬರು ಡಿಸ್ಕನ್ನು ಆರಲು ಬಿಟ್ಟು ಇನ್ನೊಮ್ಮೆ ಹಚ್ಚಿದರು. ಬರಲಿಲ್ಲ. ಮಗ್ಗುಲು ಬದಲಿಸಿ ಹಚ್ಚಿದರು. ಹಸಿರು ಗೆರೆ ಅರ್ಧಕ್ಕೆ ಬಂದು ನಿಂತಿತು. ಆ ಹೊತ್ತಿನಲ್ಲಿ ನಾನು ನಂಬದ ದೇವರುಗಳಿಗೂ ಕೈ ಮುಗಿದೆ. ಆಮೇಲೆ ಗೆರೆ ಒಂದೇ ಸಲ ಜಾರಿ ತುದಿ ಮುಟ್ಟಿತು.

“ತಗದು ತೋರಸ್ರಿ,” ಎಂದಳು. ತೆಗೆದರು. ಅಂಬಾರಿ, ಸೊಂಡಿಲು, ಬಾಲ. ಅವಳು ಗಿಡ್ಡ ಕಾಲಿನ ಮೇಲೆ ಬೆರಳಿಟ್ಟು ಮನೆಗಳನ್ನು ಎಣಿಸಿದಳು. ಎರಡು ಕಡಿಮೆ ಇದ್ದವು. ಆಗ ಅವಳು ಬೆಂಚಿನ ಮೇಲೆ ಕೂತು ಆರಿದ ಚಹ ಕುಡಿದಳು.

ಇಷ್ಟಾದ ಮೇಲೆ ಕಳ್ಳನನ್ನು ಹಿಡಿಯುವುದು ಸುಲಭದ ಕೆಲಸವಾಯಿತು. ಸಾಹೇಬರು ಡಿಸ್ಕನ್ನು ತಿರುಗಿ ಡಬ್ಬಕ್ಕೆ ಹಾಕಿ, ಕಂಪ್ಯೂಟರನ್ನು ಸೇಫ್ ಮೋಡಿನಲ್ಲಿ ಎಬ್ಬಿಸಿದರು. ಆಗ ಬೇಕಾದಷ್ಟೇ ಎದ್ದೇಳುತ್ತದೆ, ಇಂಥ ಬಾಡಿಗೆ ಕಾವಲುಗಾರರು ಮಲಗಿಯೇ ಇರುತ್ತಾರೆ. ಯಾವ ಯಾವ ಪ್ರೋಗ್ರಾಮು ಯಾವಾಗ ಬಂದಿವೆ ಎಂಬ ಪಟ್ಟಿ ತೆಗೆದರು. ನನ್ನ ಫಾಂಟು ಇಳಿದ ದಿನವೇ ಇಳಿದ, ಅರ್ಥವಿಲ್ಲದ ಹೆಸರಿನ ಒಂದು ಕಂಡಿತು. ಅದನ್ನೂ, ಫೋನಿನವನು ಇಳಿಸಿದ್ದ ಇನ್ನೊಂದನ್ನೂ ತೆಗೆದರು. ಕಂಪ್ಯೂಟರು ಶುರುವಾದ ಕೂಡಲೇ ತಾವೂ ಏಳಬೇಕೆಂದು ಅವು ಬರೆಸಿಟ್ಟಿದ್ದ ಅಪ್ಪಣೆ ರದ್ದಾಯಿತು. ತಾತ್ಕಾಲಿಕ ಫೈಲುಗಳ ಮೂಲೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಮರಿಯೂ ಹೋಯಿತು. ಕೊನೆಗೆ ತಮ್ಮ ಪೆನ್‌ಡ್ರೈವಿನಿಂದ ನಿಜವಾದ ಆಂಟಿವೈರಸ್ ಹಚ್ಚಿದರು. ಅದು ಎರಡು ತಾಸು ನಿಧಾನಕ್ಕೆ, ಬಣ್ಣವಿಲ್ಲದೆ, ಬೊಬ್ಬೆಯಿಲ್ಲದೆ ಹುಡುಕಿ, ಇನ್ನೆರಡು ಸಿಕ್ಕವು ಎಂದು ಹೇಳಿ ಸುಮ್ಮನಾಯಿತು. ಮನೆಗೆ ಹೋದ ಕೂಡಲೇ ಮೊಬೈಲಿನಿಂದ ಪಾಸ್‌ವರ್ಡುಗಳನ್ನೆಲ್ಲ ಬದಲಿಸಿ, ಬ್ಯಾಂಕಿಗೂ ತಿಳಿಸಿ ಎಂದು ಸಾಹೇಬರು ನನಗಲ್ಲ, ಹೆಂಡತಿಗೆ ಹೇಳಿದರು.

ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಕೂತಳು. ಮನೆಗೆ ಬಂದವಳೇ ಅಟ್ಟ ಹತ್ತಿ ಟ್ರಂಕು ಇಳಿಸಿ, ನನ್ನ ಟಿಪ್ಪಣಿಗಳನ್ನು ಪಡಸಾಲೆಯಲ್ಲಿ ಸಾಲಾಗಿ ಜೋಡಿಸಿದಳು. “ಇವನ್ನ ಇಡ್ಲೇನು, ಹಾಕ್ಲೇನು?” ಎಂದು ಕೇಳಿದಳು. ಕೇಳಿದ್ದೇ ನನಗೆ ಸಾಕಾಯಿತು. “ಹಾಕು,” ಎಂದೆ. ಹಾಕಿದಳು.

ಮರುದಿನ ಚೌಕಳಿ ಕಾಗದದ ಹೊಸ ಕಟ್ಟು, ಎರಡು ಪೆನ್ಸಿಲು, ಒಂದು ರಬ್ಬರು ನನ್ನ ಮುಂದೆ ಬಂದವು. ಅಂದಿನಿಂದ ನಾನು ದಿನಕ್ಕೊಂದು ನಕ್ಷೆಯನ್ನು ಪರದೆಯಿಂದ ಕಾಗದಕ್ಕೆ ಇಳಿಸುತ್ತಿದ್ದೇನೆ. ಸಂಜೆ ಅವಳು ತಾಳೆ ನೋಡುತ್ತಾಳೆ. ಒಂದು ಮನೆ ತಪ್ಪಿದರೂ ಹಾಳೆ ವಾಪಸು. ಇಷ್ಟು ಸಲ ಅನುತ್ತೀರ್ಣನಾದ ವಿದ್ಯಾರ್ಥಿ ನನ್ನ ತರಗತಿಯಲ್ಲಿ ಒಬ್ಬನೂ ಇರಲಿಲ್ಲ. ಸಂಪಾದಕರಿಗೆ ಪತ್ರ ಬರೆಯುವುದು ನಿಂತಿದೆ. ಊರಿನ ಕಸ ಇದ್ದಲ್ಲೇ ಇದೆ.

ಹೋದ ವಾರ ಆನೆಯ ಸರದಿ ಬಂತು. ಹಾಳೆ ಹರಡಿ ಪೆನ್ಸಿಲು ಚೂಪು ಮಾಡುತ್ತಿದ್ದೆ. ಅವಳು ಬಂದು ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

“ಇದನ್ನ ನಾ ಬರೀತೇನಿ.”

“ಯಾಕ? ಈಗ ನಾನೂ ಛಲೋ ಬರೀತೇನಲ್ಲ.”

“ಬರೀತೀರಿ. ಆದ್ರ ಅದರ ಕಾಲು ನೋಡಿ ನಿಮಗ ಸುಮ್ನಿರಾಕ ಆಗೂದಿಲ್ಲ. ಸರಿ ಮಾಡಿಬಿಡ್ತೀರಿ.”

ಛೆ, ಹಂಗೆಲ್ಲ ಮಾಡ್ತೇನೇನು ಎಂದು ನಕ್ಕು ಪೆನ್ಸಿಲು ಅವಳ ಕೈಗೆ ಕೊಟ್ಟೆ. ಅಂದು ಮುಂಜಾನೆ ಅವಳು ಸ್ನಾನಕ್ಕೆ ಹೋದಾಗ ನಾನು ಪರದೆಯ ಮೇಲೆ ಆ ಕಾಲಿಗೆ ಎರಡು ಮನೆ ಸೇರಿಸಿ ನೋಡಿದ್ದೆ. ನೆಟ್ಟಗೆ ನಿಂತ ಆನೆ ಯಾರದೋ ಮನೆಯ ಆನೆಯಂತೆ ಕಂಡಿತು. ಹೆದರಿ ಎರಡನ್ನೂ ಅಳಿಸಿದೆ. ಅವಳಿಗೆ ಇನ್ನೂ ಹೇಳಿಲ್ಲ.